ಗುಪ್ತಪದವೂ ಅಂಕಿತವೂ

ಕಂಪ್ಯೂಟರಿನ ಬಾಗಿಲಲ್ಲಿ ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು, ಕೇಳುವ ವಾಡಿಕೆಯು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಏರ್ಪಾಟನ್ನು ಫರ್ನಾಂಡೊ ಕೊರ್ಬಾಟೊ ಮೊದಲಾದವರು 1961ರಲ್ಲಿ ಅಲ್ಲಿ ತೋರಿಸಿಕೊಟ್ಟರು. ಒಬ್ಬನ ಕಡತವನ್ನು ಮತ್ತೊಬ್ಬನು ತೆರೆಯದಿರಬೇಕಾದರೆ ಪ್ರತಿಯೊಬ್ಬನಿಗೂ ಒಂದು ಗುಟ್ಟಿನ ಪದವು ಬೇಕಾಯಿತು. ಇದು ಬೀಗದ ಕೆಲಸವೇ ಹೊರತು ಸಾಹಿತ್ಯದ ಕೆಲಸವಲ್ಲ. ಆದರೂ ಪದವನ್ನು ಆರಿಸುವವನು ಮನುಷ್ಯನಾದಕಾರಣ ಅದರಲ್ಲಿ ಅವನ ಛಾಯೆಯು ಬೀಳದೆ ಹೋಗಲಿಲ್ಲ.

ರಾಬರ್ಟ್ ಮಾರಿಸ್, ಕೆನ್ ಥಾಂಪ್ಸನ್ ಇವರು 1979ರಲ್ಲಿ 3,289 ಗುಪ್ತಪದಗಳ ಪರೀಕ್ಷೆಯನ್ನು ಪ್ರಕಟಿಸಿ, ಅವುಗಳಲ್ಲಿ ನೂರಕ್ಕೆ 86ರಷ್ಟು ತೀರ ಚಿಕ್ಕವು ಇಲ್ಲವೆ ನಿಘಂಟಿನಲ್ಲಿಯೋ ಹೆಸರುಗಳ ಪಟ್ಟಿಯಲ್ಲಿಯೋ ಸಿಕ್ಕುವಂಥವು ಎಂದು ತೋರಿಸಿದರು. ಥಾಂಪ್ಸನ್ನರದೇ ಪದವು ಮಾತ್ರ ಯೂನಿಕ್ಸ್ ವ್ಯವಸ್ಥೆಯ ಒಂದು ಹಳೆಯ ಕಡತದಲ್ಲಿ ಸಂಕೇತರೂಪವಾಗಿ ಉಳಿದು, 2019ರಲ್ಲಿ ಬಯಲಾಯಿತು. ಅದು ಚದುರಂಗದಲ್ಲಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೊತ್ತುವ ಆರಂಭದ ನಡೆ, ತುದಿಯಲ್ಲೊಂದು ಆಶ್ಚರ್ಯಸೂಚಕ. ಚದುರಂಗದ ಬರವಣಿಗೆಯಲ್ಲಿ ಈ ಚಿಹ್ನೆಯು ಒಳ್ಳೆಯ ನಡೆಯ ಗುರುತು. ಜೋ ಕಾಂಡನ್ನರೊಡನೆ ಚದುರಂಗವಾಡುವ ಯಂತ್ರವನ್ನು ನಿರ್ಮಿಸಿ 1980ರಲ್ಲಿ ಕಂಪ್ಯೂಟರುಗಳ ಜಾಗತಿಕ ಪಂದ್ಯವನ್ನು ಗೆದ್ದವರಿಗೆ ಇದಕ್ಕಿಂತ ತಕ್ಕ ಪದವು ದೊರೆಯುವುದು ಕಷ್ಟ. ಬ್ರಯನ್ ಕರ್ನಿಹನ್ನರದು ಪದವೇ ಅಲ್ಲ. ಕೀಲಿಮಣೆಯ ಮೇಲೆ ನೆರೆಹೊರೆಯ ವಿರಾಮಚಿಹ್ನೆಗಳನ್ನು ಒತ್ತುವ ಬೆರಳಿನ ಲಯ.

ಹನ್ನೆರಡನೆಯ ಶತಮಾನದ ವಚನಗಳ ಅಂಕಿತವನ್ನು ಇಲ್ಲಿ ನೆನೆಯಬಹುದು. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಎಂಬಿವು ಬಸವಣ್ಣನ, ಅಕ್ಕಮಹಾದೇವಿಯ ಸ್ವಂತ ಹೆಸರುಗಳಲ್ಲ, ಇಷ್ಟದೈವದ ಹೆಸರುಗಳು. ಆದರೂ ವಚನವು ಯಾರದೆಂಬುದನ್ನು ವಿದ್ವಾಂಸರು ನಿರ್ಣಯಿಸುವುದು ಬಹುಮಟ್ಟಿಗೆ ಅವುಗಳಿಂದಲೇ. ಅಂಕಿತವು ಎಲ್ಲರ ಕಿವಿಗೆ ಬಿದ್ದು ಕರ್ತೃವನ್ನು ಸಾರುತ್ತದೆ. ಗುಪ್ತಪದವು ಯಾರ ಕಿವಿಗೂ ಬೀಳದೆ ಯಂತ್ರವೊಂದಕ್ಕೇ ಅವನ ಗುರುತನ್ನು ಹೇಳುತ್ತದೆ. ಬಯಲಾದೊಡನೆ ಅದರ ಅಧಿಕಾರವು ಅಳಿಯುತ್ತದೆ.

ಅಧಿಕಾರವಳಿದ ಇಂಥ ಪದಗಳನ್ನೇ ಜರ್ಮನಿಯ ಕಲಾವಿದ ಆರಮ್ ಬಾರ್ಟೋಲ್ 2013ರಲ್ಲಿ ಗ್ರಂಥವಾಗಿಸಿದನು. ಹಿಂದಿನ ವರ್ಷ ಲಿಂಕ್ಡ್‌ಇನ್ ಜಾಲತಾಣದಿಂದ ಕಳವಾದವುಗಳಲ್ಲಿ ಸುಮಾರು 47 ಲಕ್ಷ ಗುಪ್ತಪದಗಳನ್ನು ಅಕಾರಾದಿಯಾಗಿ ಎಂಟು ಸಂಪುಟಗಳಲ್ಲಿ ಮುದ್ರಿಸಿ, ನೋಡಬಂದವರು ತಮ್ಮದನ್ನು ಹುಡುಕಿಕೊಳ್ಳಲೆಂದು ಇರಿಸಿದನು. ಪದಗಳ ಪಕ್ಕದಲ್ಲಿ ಒಡೆಯರ ಹೆಸರಿಲ್ಲ. ಬರೆದವರ ಒಪ್ಪಿಗೆಯಿಲ್ಲದೆ ಅವರ ಬರವಣಿಗೆಯು ಒಬ್ಬನ ಕೃತಿಯಾಗಬಹುದೆ ಎಂಬ ಆಕ್ಷೇಪವು ಹಗುರವಾದುದಲ್ಲ. ಹೆಸರನ್ನು ಬಿಟ್ಟುದರಿಂದ ಅದು ತಗ್ಗುತ್ತದೆ, ತೀರುವುದಿಲ್ಲ. ಒಂದೇ ಪದವನ್ನು ಅನೇಕರು ಆರಿಸಿಕೊಳ್ಳುವುದುಂಟಾದ್ದರಿಂದ, ತನ್ನ ಪದವನ್ನು ಅಲ್ಲಿ ಕಂಡವನು ಕೂಡ ಅದು ತನ್ನದೇ ಎಂದು ಸಾಧಿಸಲಾರನು.