ವೈದ್ಯಕೀಯ ಗುರುತುಬಳೆ

ಧರಿಸಿದವರಿಗೆ ಪ್ರಜ್ಞೆ ತಪ್ಪಿದ್ದರೂ ಅವರ ಕಾಯಿಲೆ, ಅಲರ್ಜಿ, ನಿತ್ಯದ ಔಷಧಿಗಳ ವಿವರ ತುರ್ತು ಸಿಬ್ಬಂದಿಗೆ ಕೂಡಲೇ ಸಿಗುವಂತೆ ಮಣಿಕಟ್ಟಿಗೆ ಹಾಕಿಕೊಳ್ಳುವ, ಅಕ್ಷರ ಕೆತ್ತಿದ ಲೋಹದ ಪಟ್ಟಿ. ಕೊರಳ ಪದಕದ ರೂಪದಲ್ಲೂ ಬಳಕೆಯಲ್ಲಿದೆ.

1953ರಲ್ಲಿ ಕ್ಯಾಲಿಫೋರ್ನಿಯದ ಟರ್ಲಾಕ್‌ನಲ್ಲಿ ವೈದ್ಯ ಮೇರಿಯನ್ ಕಾಲಿನ್ಸರ ಮಗಳಿಗೆ ಕೊಟ್ಟ ಧನುರ್ವಾಯು ಪ್ರತಿವಿಷ ತೀವ್ರ ಅಲರ್ಜಿ ಉಂಟುಮಾಡಿ ಪ್ರಾಣಕ್ಕೇ ಕುತ್ತು ತಂದಿತು. ಆಕೆ ಚೇತರಿಸಿಕೊಂಡ ಮೇಲೆ ಎಚ್ಚರಿಕೆಯ ಚೀಟಿ ಬಳಸಲಾಯಿತು. ಮುಂದೆ ಅದರ ಜಾಗಕ್ಕೆ ಬೆಳ್ಳಿಯ ಬಳೆ ಬಂತು. ಇದರಿಂದಲೇ 1956ರಲ್ಲಿ ಮೆಡಿಕ್‌ಅಲರ್ಟ್ ಪ್ರತಿಷ್ಠಾನ ಹುಟ್ಟಿತು.

ಬಳೆಯ ಮೇಲೆ ಸಾಮಾನ್ಯವಾಗಿ ಅಸ್ಕ್ಲೀಪಿಯಸನ ಹಾವು ಸುತ್ತಿದ ಕೋಲಿನ ಚಿಹ್ನೆಯಿದ್ದು, ಹಿಂಬದಿಯಲ್ಲಿ ‘ಪೆನಿಸಿಲಿನ್ ಅಲರ್ಜಿ’, ‘ಇನ್ಸುಲಿನ್’, ‘ವಾರ್ಫರಿನ್’ ಮುಂತಾದ ಒಂದೆರಡು ಪದಗಳಿರುತ್ತವೆ. ಜಾಗ ಕಿರಿದಾದ್ದರಿಂದ ಸದಸ್ಯ ಸಂಖ್ಯೆ, ದೂರವಾಣಿ ಸಂಖ್ಯೆ ಕೆತ್ತಿ, ಪೂರ್ಣ ದಾಖಲೆಯನ್ನು ಹಗಲಿರುಳು ತೆರೆದ ಕೇಂದ್ರದಲ್ಲಿ ಇಡುವ ಪದ್ಧತಿಯುಂಟು. ರಕ್ತದ ಸಕ್ಕರೆ ಇಳಿದು ತೊದಲುವ ಮಧುಮೇಹಿಯನ್ನು ಕುಡಿದವನೆಂದು ಬಗೆಯುವ ತಪ್ಪನ್ನು ಇದು ತಡೆಯಬಲ್ಲದು. ಹಳೆಯ ವಿವರ ತಿದ್ದದೆ ಉಳಿದರೆ ದಾರಿ ತಪ್ಪಿಸುವುದೂ ಉಂಟು.

ಸ್ಮಾರ್ಟ್‌ಫೋನುಗಳಲ್ಲಿ ಇದೇ ಮಾಹಿತಿಯನ್ನು ಬೀಗ ತೆಗೆಯದೆ ನೋಡುವ ಸೌಲಭ್ಯವಿದೆ. ಭಾರತದ ಚಾಲನಾ ಪರವಾನಗಿಯಲ್ಲಿ ರಕ್ತದ ಗುಂಪು ನಮೂದಾಗುತ್ತದೆ. ಆದರೆ ರಕ್ತ ಕೊಡುವ ಮುನ್ನ ಆಸ್ಪತ್ರೆಯಲ್ಲಿ ಮರುಪರೀಕ್ಷೆ ಕಡ್ಡಾಯ.