ಹಲ್ಲಿಯ ಹೆಸರು ಬೃಹಸ್ಪತಿ

ಇಂಡೊನೇಷ್ಯದ ಸುಮಾತ್ರಾ ದ್ವೀಪದ ಉತ್ತರ ಭಾಗದಲ್ಲಿ ತೋಬಾ ಎಂಬ ದೊಡ್ಡ ಸರೋವರವಿದೆ. ಸುಮಾರು 74 ಸಾವಿರ ವರ್ಷಗಳ ಹಿಂದೆ ಭಾರಿ ಜ್ವಾಲಾಮುಖಿಯೊಂದು ಸಿಡಿದು ಉಂಟಾದ ಕುಳಿಯಲ್ಲಿ ನೀರು ತುಂಬಿ ಆದ ಸರೋವರ ಇದು. ಉದ್ದ ಸುಮಾರು 100 ಕಿಲೋಮೀಟರ್, ಆಳ 500 ಮೀಟರ್. ಇದರ ಸುತ್ತಮುತ್ತ ಬಾಳುವ ಜನರೇ ಬಟಕ್ಕರು.

ಸರೋವರದ ದಂಡೆಯಲ್ಲಿ ಪರಾಪಟ್ ಎಂಬ ಊರಿದೆ. ಇಲ್ಲಿನ ‘ಪಂತಾಯ್ ಬೆಬಾಸ್’, ಅಂದರೆ ಮುಕ್ತ ತೀರವನ್ನು 2020ರ ದಶಕದ ಆರಂಭದಲ್ಲಿ ಸರ್ಕಾರ ಸಾರ್ವಜನಿಕ ಉದ್ಯಾನವಾಗಿ ಹೊಸದಾಗಿ ರೂಪಿಸಿತು. ಇಲ್ಲಿ ಮಾತ್ರವಲ್ಲ, ಸರೋವರದ ಸುತ್ತಲಿನ ಊರುಗಳ ಉದ್ಯಾನ, ಹೆಬ್ಬಾಗಿಲು, ಕಚೇರಿ ಕಟ್ಟಡಗಳ ಮೇಲೆಲ್ಲ ಕೆಂಪು, ಬಿಳುಪು, ಕಪ್ಪು ಬಣ್ಣದ ಬಳ್ಳಿ ಚಿತ್ತಾರಗಳು ಕಾಣುತ್ತವೆ. ಇದಕ್ಕೆ ‘ಗೊರ್ಗ’ ಎಂದು ಹೆಸರು. ಈ ಬಗೆಯ ಕೆತ್ತನೆಯಲ್ಲಿ ಮತ್ತೆ ಮತ್ತೆ ಬರುವುದು ಒಂದು ಹಲ್ಲಿ. ಬಟಕ್ಕರು ಅದನ್ನು ‘ಬೊರಸ್ಪತಿ’ ಎನ್ನುತ್ತಾರೆ.

ಈ ಹೆಸರು ನಮಗೆ ಪರಿಚಿತವೇ. ಅದು ಬೃಹಸ್ಪತಿ. ನಮ್ಮ ದೇವಗುರು ಅಲ್ಲಿ ನೆಲದ ದೇವತೆಯಾಗಿ, ಹಲ್ಲಿಯ ರೂಪ ತಾಳಿದ್ದಾನೆ. ಬಟಕ್ಕರ ಹಳೆಯ ಪಂಚಾಂಗ ನೋಡಿದರೆ ನಂಟು ಇನ್ನೂ ಸ್ಪಷ್ಟವಾಗುತ್ತದೆ. ಅರ್ತಿಯ, ಸುಮ, ಅಂಗಾರ, ಮುದ, ಬೊರಸ್ಪತಿ, ಸಿಂಕೋರ, ಸಮಿಸಾರ - ಇವು ದಿನಗಳ ಹೆಸರುಗಳು. ಆದಿತ್ಯ, ಸೋಮ, ಅಂಗಾರಕ, ಬುಧರಿಂದ ಶನೈಶ್ಚರನವರೆಗೆ ಎಲ್ಲರೂ ಇಲ್ಲಿದ್ದಾರೆ. ದೇವರಿಗೆ ಅವರ ಮಾತು ‘ದೆಬತ’. ಅವರ ಲಿಪಿಯೂ ಬ್ರಾಹ್ಮಿಯಿಂದ ಬಂದ ಲಿಪಿಗಳ ಕುಟುಂಬಕ್ಕೇ ಸೇರಿದ್ದು.

ಇದೆಲ್ಲ ಅಲ್ಲಿಗೆ ಹೋದದ್ದು ದಂಡಯಾತ್ರೆಯಿಂದಲ್ಲ. ಬಟಕ್ ಸೀಮೆಯ ಕಾಡುಗಳಲ್ಲಿ ಕರ್ಪೂರ ಮತ್ತು ಸಾಂಬ್ರಾಣಿ ದೊರೆಯುತ್ತಿತ್ತು. ಅದನ್ನು ಕೊಳ್ಳಲು ಸುಮಾತ್ರಾದ ಪಶ್ಚಿಮ ಕರಾವಳಿಯ ಬಾರುಸ್ ಬಂದರಿಗೆ ದೂರದೂರದ ವರ್ತಕರು ಬರುತ್ತಿದ್ದರು. ಬಾರುಸ್ ಬಳಿಯ ಲೋಬು ತುವಾದಲ್ಲಿ ಕ್ರಿ.ಶ. 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದನ್ನು ಹಾಕಿಸಿದ್ದು ‘ಐನೂರ್ವರು’ ಎಂಬ ವರ್ತಕ ಸಂಘ. ನಮ್ಮ ಶಾಸನಗಳಲ್ಲಿ ಬರುವ ‘ಅಯ್ಯಾವೊಳೆ ಐನೂರ್ವರು’ ಇವರೇ. ಅಯ್ಯಾವೊಳೆ ಎಂದರೆ ಇಂದಿನ ಐಹೊಳೆ. ಸುಮಾತ್ರಾದಲ್ಲೇ ಬೇರೂರಿದ್ದ ಹಿಂದೂ ಮತ್ತು ಬೌದ್ಧ ಕೇಂದ್ರಗಳೂ ಬಟಕ್ಕರ ಮೇಲೆ ಪ್ರಭಾವ ಬೀರಿದವು. ದಕ್ಷಿಣದ ಪದಂಗ್ ಲಾವಾಸ್‌ನಲ್ಲಿರುವ ಇಟ್ಟಿಗೆ ದೇಗುಲಗಳನ್ನು ಜನ ಈಗಲೂ ‘ಬಿಯಾರೊ’ ಎನ್ನುತ್ತಾರೆ. ಅದು ‘ವಿಹಾರ’ ಶಬ್ದದ ರೂಪಾಂತರ.

ಆದರೆ ಬಟಕ್ಕರು ಬಂದದ್ದನ್ನು ಬಂದಂತೆಯೇ ಇಟ್ಟುಕೊಳ್ಳಲಿಲ್ಲ, ತಮ್ಮದಾಗಿಸಿಕೊಂಡರು. ಕಂಬಗಳ ಮೇಲೆ ನಿಂತ, ದೋಣಿಯಂತೆ ಬಾಗಿದ ಮಾಡಿನ ಅವರ ಮನೆಯಲ್ಲಿ ಬೊರಸ್ಪತಿಗೆ ಗೊತ್ತಾದ ಜಾಗವಿತ್ತು. ಹಲ್ಲಿಯ ಜೊತೆಗೆ ನಾಲ್ಕು ಸ್ತನಗಳ ಉಬ್ಬುಕೆತ್ತನೆ ಇರುತ್ತಿತ್ತು. ಮನೆ ಕಟ್ಟುವಾಗ ನೆಲದ ದೇವತೆಗೆ ಎಡೆ ಇಡುತ್ತಿದ್ದರು. ಹಲ್ಲಿ ಯಾವ ಗೋಡೆಗಾದರೂ ಅಂಟಿಕೊಳ್ಳುವಂತೆ ಬಟಕ್ ಮನುಷ್ಯ ಯಾವ ಊರಲ್ಲಾದರೂ ಬದುಕಬಲ್ಲ, ಆದರೆ ಹೆತ್ತ ತಾಯಿಯನ್ನು ಮರೆಯಬಾರದು ಎಂದು ಇಂದಿನವರು ಈ ಕೆತ್ತನೆಗೆ ಅರ್ಥ ಹೇಳುತ್ತಾರೆ. ಮೂರು ಬಣ್ಣಗಳು ಮೇಲಿನ, ನಡುವಿನ, ಕೆಳಗಿನ ಲೋಕಗಳ ಗುರುತು. ಒಟ್ಟಿನಲ್ಲಿ ಗೊರ್ಗ ಬರಿಯ ಅಲಂಕಾರವಾಗಿರಲಿಲ್ಲ.

ಈ ಲೋಕ 19ನೇ ಶತಮಾನದಲ್ಲಿ ಅಲುಗಾಡಿತು. 1860ರ ದಶಕದಲ್ಲಿ ಜರ್ಮನ್ ಮಿಷನರಿಗಳು ಬಂದರು. ಅವರ ಹಿಂದೆಯೇ ಡಚ್ಚರ ಆಡಳಿತವೂ ಒಳನಾಡಿಗೆ ಹಬ್ಬಿತು. ದಶಕಗಳ ಕಾಲ ಡಚ್ಚರನ್ನು ಎದುರಿಸಿದ ಪುರೋಹಿತ-ಅರಸ 12ನೇ ಸಿಸಿಂಗಮಂಗರಾಜ 1907ರಲ್ಲಿ ಹತನಾದ. ತೋಬಾ ಬಟಕ್ಕರಲ್ಲಿ ಬಹುಮಂದಿ ಕ್ರೈಸ್ತರಾದರು. ಶಾಲೆ, ಆಸ್ಪತ್ರೆಗಳು ಬಂದದ್ದೂ ಆಗಲೇ. ಆದರೆ ಹಳೆಯ ದೇವತೆಗಳನ್ನು ಕರೆಯುವ ವಾದ್ಯವೆಂಬ ಕಾರಣಕ್ಕೆ ಗೊಂಡಾಂಗ್ ಎಂಬ ವಾದ್ಯಮೇಳದ ಮೇಲೆ ನಿಷೇಧಗಳು ಬಿದ್ದವು. ಮರದ ತೊಗಟೆಯ ಮೇಲೆ ಬರೆದ ಪುರೋಹಿತರ ಪುಸ್ತಕಗಳು ಯುರೋಪಿನ ಸಂಗ್ರಹಾಲಯಗಳನ್ನು ಸೇರಿದವು. (ಇವಕ್ಕೂ ‘ಪುಸ್ತಹ’ ಎಂದೇ ಹೆಸರು!)

ಸ್ವಾತಂತ್ರ್ಯಾನಂತರ ಗಾಳಿ ತಿರುಗಿತು. 1961ರಲ್ಲಿ ಸಿಸಿಂಗಮಂಗರಾಜ ರಾಷ್ಟ್ರೀಯ ವೀರನೆನಿಸಿದ. 2020ರಲ್ಲಿ ತೋಬಾ ಯುನೆಸ್ಕೊದ ಜಾಗತಿಕ ಭೂ-ಉದ್ಯಾನಗಳ ಪಟ್ಟಿ ಸೇರಿತು. ಒಂದು ಕಾಲಕ್ಕೆ ಅನಾಗರಿಕವೆನಿಸಿದ್ದ ಚಿಹ್ನೆಗಳೇ ಈಗ ಪ್ರವಾಸಿಗರನ್ನು ಸೆಳೆಯುವ ಗುರುತುಗಳಾಗಿವೆ.

ಇಲ್ಲೊಂದು ವಿಪರ್ಯಾಸವಿದೆ. ಹಳೆಯ ನಂಬಿಕೆಯನ್ನು ಪೂರ್ತಿ ಬಿಡದ ಸಣ್ಣ ಸಮುದಾಯವೊಂದು ಸರೋವರದ ದಕ್ಷಿಣದ ಹುತಾತಿಂಗ್ಗಿ ಎಂಬಲ್ಲಿ ಕೇಂದ್ರ ಮಾಡಿಕೊಂಡಿದೆ. ಇವರನ್ನು ಪರ್ಮಾಲಿಮ್ ಎನ್ನುತ್ತಾರೆ. ವರ್ಷಕ್ಕೊಮ್ಮೆ ‘ಸಿಪಹ ಲಿಮ’ ಎಂಬ ಕೃತಜ್ಞತೆಯ ಆಚರಣೆಯಲ್ಲಿ ಗೊಂಡಾಂಗ್ ನುಡಿಸುವ ಇವರಿಗೆ ಅದು ಪ್ರದರ್ಶನವಲ್ಲ, ಪ್ರಾರ್ಥನೆ. ಸರ್ಕಾರ ಮಾನ್ಯ ಮಾಡಿದ ಧರ್ಮಗಳ ಪಟ್ಟಿಯಲ್ಲಿ ಇವರ ನಂಬಿಕೆ ಇಲ್ಲದ್ದರಿಂದ ಗುರುತಿನ ಚೀಟಿಯ ಧರ್ಮದ ಅಂಕಣವನ್ನು ಇವರು ಖಾಲಿ ಬಿಡಬೇಕಾಗಿತ್ತು. ಇಲ್ಲವೇ ತಮ್ಮದಲ್ಲದ ಧರ್ಮವನ್ನು ಬರೆಸಬೇಕಾಗಿತ್ತು. ಪರ್ಮಾಲಿಮ್ ಅನುಯಾಯಿಗಳೂ ಸೇರಿ ಹೂಡಿದ ದಾವೆಯಲ್ಲಿ, ಇದು ಸಲ್ಲದೆಂದು ಇಂಡೊನೇಷ್ಯದ ಸಂವಿಧಾನ ನ್ಯಾಯಾಲಯ ತೀರ್ಪಿತ್ತದ್ದು 2017ರ ನವೆಂಬರ್‌ನಲ್ಲಿ.

ಚಿಹ್ನೆಗೆ ಸಂದ ಮರ್ಯಾದೆ ಅದನ್ನು ನಂಬಿದವರಿಗೆ ಸಲ್ಲಲು ಇಷ್ಟು ಕಾಲ ಹಿಡಿಯಿತು. ಹಾಗೆಂದು ದಂಡೆಯ ಉದ್ಯಾನಗಳು ವ್ಯರ್ಥವೆನ್ನಲಾಗದು. ನಗರದಲ್ಲಿ ಬೆಳೆದ ಬಟಕ್ ಮಗುವೊಂದು ಕೆತ್ತನೆ ನೋಡಿ ‘ಇಲ್ಲಿ ಹಲ್ಲಿ ಏಕಿದೆ?’ ಎಂದು ಕೇಳಬಹುದು. ಆ ಪ್ರಶ್ನೆ ಹುಟ್ಟಿಸುವುದು ಉದ್ಯಾನದಿಂದ ಸಾಧ್ಯ. ಉತ್ತರ ಹೇಳಬೇಕಾದವರು ಮಾತ್ರ ಊರಿನಲ್ಲಿ, ಮನೆಯಲ್ಲಿ ಉಳಿದಿರಬೇಕು.