ಬಿಸಿಯೂಟದ ಒಲೆ ಮತ್ತು ಶಾಲೆಯ ಕೈತೋಟ: ಗಾದಿಗನೂರು ಸೀಮೆಯಿಂದ ನೋಡಿದ ಒಂದು ಚರಿತ್ರೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರೈಲುಮಾರ್ಗದಲ್ಲಿ ತೋರಣಗಲ್ಲು ದಾಟಿದ ಮೇಲೆ ಸಿಗುವ ಗಾದಿಗನೂರು ಎರಡು ಬಗೆಯ ನೆಲದ ನಡುವಿನ ಊರು. ಒಂದು ದಿಕ್ಕಿಗೆ ಸಂಡೂರಿನ ಅದಿರಿನ ಗುಡ್ಡಗಳು. ಇನ್ನೊಂದು ದಿಕ್ಕಿಗೆ ಹೊಸಪೇಟೆ, ಹಂಪಿ, ಕಂಪ್ಲಿಗಳ ತುಂಗಭದ್ರಾ ಕಾಲುವೆ ಸೀಮೆ. ವಿಜಯನಗರದ ಕಾಲದ ರಾಯ, ಬಸವಣ್ಣ ಕಾಲುವೆಗಳು ಅಲ್ಲಿ ಇವತ್ತಿಗೂ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಕಾಲುವೆ ತಲುಪದ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯೇ ಗತಿ. ಇಂಥ ಸೀಮೆಯ ಶಾಲೆಗಳಲ್ಲಿ ತೋಟ ಬೆಳೆಸಬೇಕೆಂಬ ಮಾತು ಹಳೆಯದು. ಅದಕ್ಕೆ ಕಾರಣ ಕೊಟ್ಟವರು ಮಾತ್ರ ಕಾಲಕಾಲಕ್ಕೆ ಬದಲಾಗಿದ್ದಾರೆ. ಪಠ್ಯಕ್ರಮ ಒಂದು ಶತಮಾನ ಯತ್ನಿಸಿಯೂ ಕೊಡಲಾಗದ ಆಸರೆಯನ್ನು ಶಾಲಾ ತೋಟಕ್ಕೆ ಕೊಟ್ಟದ್ದು ಬಿಸಿಯೂಟದ ಅಡುಗೆಮನೆ ಎಂಬುದು ಈ ಲೇಖನದ ವಾದ.

ಯುರೋಪಿನ ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಶಾಲೆಯ ಪಕ್ಕದಲ್ಲಿ ತೋಟವಿರಲಿ, ಮಕ್ಕಳು ಗಿಡಮರ ನೋಡಿ ಕಣ್ಣು ತಣಿಸಿಕೊಳ್ಳಲಿ ಎಂದು 17ನೇ ಶತಮಾನದಲ್ಲೇ ಶಿಕ್ಷಣ ಚಿಂತಕ ಕೊಮೆನಿಯಸ್ ಬರೆದಿದ್ದ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಅವನ ಯೋಜನೆಯಲ್ಲಿ ಪ್ರತಿ ಮಗುವಿಗೂ ಒಂದು ಪುಟ್ಟ ಪಾತಿ, ಎಲ್ಲರಿಗೂ ಸೇರಿದ್ದು ಒಂದು ದೊಡ್ಡ ಪಾತಿ ಇತ್ತು. 1869ರಲ್ಲಿ ಆಸ್ಟ್ರಿಯ ತನ್ನ ಶಾಲಾ ಕಾನೂನಿನಲ್ಲೇ ತೋಟಕ್ಕೆ ಜಾಗ ಕೊಟ್ಟಿತು.

ಭಾರತದಲ್ಲಿ ಈ ವಿಚಾರ ಆಡಳಿತದ ಭಾಷೆಯಲ್ಲಿ ಬಂತು. ವೈಸ್‌ರಾಯ್ ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯ ಹಳ್ಳಿಯ ಶಾಲೆಗಳಲ್ಲಿ ನೇರವಾಗಿ ಬೇಸಾಯ ಕಲಿಸಬೇಕೆಂದು ಹೇಳಲಿಲ್ಲ; ಮಗು ಮುಂದೆ ತಿಳಿವಳಿಕೆಯುಳ್ಳ ಒಕ್ಕಲಿಗನಾಗುವಷ್ಟು ತಯಾರಿ ಸಾಕು ಎಂದಿತು. ಮುಂಬಯಿ ಪ್ರಾಂತ ಒಂದು ಹೆಜ್ಜೆ ಮುಂದೆ ಹೋಗಿ ಪುಣೆ ಬಳಿಯ ಲೋಣಿಯಲ್ಲೂ ಆಗಿನ ಧಾರವಾಡ ಜಿಲ್ಲೆಯ ದೇವಿಹೊಸೂರಿನಲ್ಲೂ ದೇಶಭಾಷೆಯ ಕೃಷಿ ಶಾಲೆಗಳನ್ನು ತೆರೆಯಿತು. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗಕ್ಕೆ ಮೆಚ್ಚುಗೆಯಾದದ್ದು ಪಂಜಾಬಿನ ಮಾದರಿ: ಪ್ರತ್ಯೇಕ ಕೃಷಿ ಶಾಲೆಯ ಬದಲು ಸಾಮಾನ್ಯ ಮಾಧ್ಯಮಿಕ ಶಾಲೆಗೇ ಒಂದು ತುಂಡು ನೆಲ. ಆಗ ಹೊಸಪೇಟೆ, ಕಂಪ್ಲಿ, ಗಾದಿಗನೂರು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿತ್ತು. ಈ ಎಲ್ಲ ಕಾಗದಪತ್ರಗಳಲ್ಲೂ ಶಾಲಾ ತೋಟವೆಂದರೆ ರೈತನ ಮಗನನ್ನು ಮೇಲಾದ ರೈತನನ್ನಾಗಿ ಮಾಡುವ ಉಪಾಯ. ಆ ಮಗು ಮಧ್ಯಾಹ್ನ ಏನು ಉಂಡಿತು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ ತೋಟದ ಅರ್ಥವನ್ನೇ ಹಿಗ್ಗಿಸಿತು. ಜಾಕಿರ್ ಹುಸೇನ್ ಸಮಿತಿ ರೂಪಿಸಿದ ನಯೀ ತಾಲೀಮಿನಲ್ಲಿ ನೂಲುವಿಕೆಯ ಜೊತೆಗೆ ಬೇಸಾಯ, ತೋಟಗಾರಿಕೆಗಳೂ ಕಸುಬುಗಳಾಗಿ ಬಂದವು. ಗಣಿತ, ವಿಜ್ಞಾನ, ಭಾಷೆ ಆ ಕಸುಬಿನಿಂದಲೇ ಕವಲೊಡೆಯಬೇಕಿತ್ತು. ಶಾಲೆ ತನ್ನ ಖರ್ಚನ್ನು ಮಕ್ಕಳ ದುಡಿಮೆಯಿಂದಲೇ ತೂಗಿಸಿಕೊಳ್ಳಬೇಕೆಂಬ ಭಾಗಕ್ಕೆ ಸಮಿತಿಯೊಳಗೇ ವಿರೋಧ ಬಂತು. ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಅದನ್ನು ಒಪ್ಪಲಿಲ್ಲ. ಅವರ ಆಕ್ಷೇಪವನ್ನು ನಮ್ಮ ಶಿಕ್ಷಣ ಚರಿತ್ರೆ ಇನ್ನಷ್ಟು ಗಂಭೀರವಾಗಿ ಓದಬೇಕಿತ್ತು ಎಂದು ನನಗನ್ನಿಸುತ್ತದೆ.

ಏಕೆಂದರೆ ಶಾಲೆ ಮಕ್ಕಳ ದುಡಿಮೆಯ ಜಾಗವಾದೀತೆಂಬ ಅಂಜಿಕೆ ಹದಿನಾರು ವರ್ಷಗಳಲ್ಲಿ ಬೀದಿಗೆ ಬಂತು. 1953ರ ಜೂನ್‌ನಲ್ಲಿ ಮದ್ರಾಸಿನ ರಾಜಾಜಿ ಸರ್ಕಾರ ಗ್ರಾಮೀಣ ಪ್ರಾಥಮಿಕ ಶಾಲೆಗಳ ಪಾಠವನ್ನು ಒಂದು ಹೊತ್ತಿಗೆ ಇಳಿಸಿ, ಇನ್ನೊಂದು ಹೊತ್ತು ಮಗು ಹೆತ್ತವರ ಕಸುಬು ಕಲಿಯಲಿ ಎಂದಿತು. ಇದು ಕುಲಕಸುಬಿನ ಶಿಕ್ಷಣ ಎಂದು ದ್ರಾವಿಡ ಚಳವಳಿ ಸಿಡಿದೆದ್ದಿತು. 1954ರಲ್ಲಿ ಮುಖ್ಯಮಂತ್ರಿಯಾದ ಕಾಮರಾಜರು ಅದನ್ನು ರದ್ದು ಮಾಡಿದರು. ಯೋಜನೆ ಹೊರಟಾಗ ಬಳ್ಳಾರಿ ಇನ್ನೂ ಮದ್ರಾಸಿನಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕೂಲಿಗೆ ಹೋಗುವ ತಾಯಿ ತನ್ನ ಮಗು ಸಲಿಕೆ ಹಿಡಿಯಬಾರದೆಂದೇ ಅದನ್ನು ಶಾಲೆಗೆ ಕಳಿಸುತ್ತಾಳೆ. ಅಲ್ಲಿಯೂ ಅದರ ಕೈಗೆ ಸಲಿಕೆ ಬಂದರೆ ಆಕೆಗೆ ಸಿಟ್ಟು ಬರುವುದು ನ್ಯಾಯವೇ.

1964–66ರ ಕೊಠಾರಿ ಆಯೋಗದ ಕಾರ್ಯಾನುಭವ, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಸಮಾಜೋಪಯೋಗಿ ಉತ್ಪಾದಕ ಕಾರ್ಯ ತೋಟವನ್ನು ಮತ್ತೆ ವೇಳಾಪಟ್ಟಿಯೊಳಗೆ ತಂದವು. ನೀರು, ಬೇಲಿ, ಬೆಳೆದದ್ದನ್ನು ಬಳಸುವ ದಾರಿ ಮೂರೂ ಇಲ್ಲದಿದ್ದರೆ ಒಂದು ಪಿರಿಯಡ್‌ನಿಂದ ತೋಟ ನಿಲ್ಲುವುದಿಲ್ಲ.

ತೋಟದ ಕಥೆಗೆ ತಿರುವು ಸಿಕ್ಕಿದ್ದು ಬೇರೆಡೆಯಿಂದ. ಶಾಲಾ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ 2002–03ರಲ್ಲಿ ಮೊದಲು ಶುರುವಾದ ಉತ್ತರದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಶಾಲೆಯ ಆವರಣಕ್ಕೆ ಒಲೆ ಬಂತು, ಅಡುಗೆಯವರು ಬಂದರು, ಅಕ್ಕಿ ತೊಳೆದ ನೀರು, ತಟ್ಟೆ ತೊಳೆದ ನೀರು ಪ್ರತಿದಿನ ಹರಿಯತೊಡಗಿತು. ಸಾಂಬಾರಿಗೆ ಒಂದು ಹಿಡಿ ಕರಿಬೇವು, ಒಂದು ಕಂತೆ ಸೊಪ್ಪು ದಿನವೂ ಬೇಕಾಯಿತು. ಮಳೆಯಾಶ್ರಯದ ಊರಿನಲ್ಲಿ ಈ ಬಚ್ಚಲ ನೀರಿನ ಬೆಲೆ ಯಾವ ಸುತ್ತೋಲೆಗೂ ಕಡಿಮೆಯಲ್ಲ. ತೋಟಕ್ಕೆ ನೀರಿನ ಮೂಲವೂ ಉಣ್ಣುವವರೂ ಒಂದೇ ಆವರಣದಲ್ಲಿ ಸಿಕ್ಕಿದ್ದು ಇದೇ ಮೊದಲು.

ಹಾಗೆಂದು ಲೆಕ್ಕ ತಪ್ಪಬಾರದು. ಊಟದ ನಿಯಮದಂತೆ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ತರಕಾರಿ ಬೇಕು. 100 ಚಿಕ್ಕ ಮಕ್ಕಳ ಶಾಲೆಗೆ ಅದು ದಿನಕ್ಕೆ 5 ಕಿಲೊ. 200 ಶಾಲಾ ದಿನಗಳಿಗೆ 10 ಕ್ವಿಂಟಲ್. ನಾಲ್ಕಾರು ಮಡಿಗಳಿಂದ ಇಷ್ಟು ಹುಟ್ಟದು, ಹುಟ್ಟಿಸಬೇಕೆಂದು ಶಿಕ್ಷಕರನ್ನು ಒತ್ತಾಯಿಸುವುದೂ ಸಲ್ಲ. ತೋಟ ಕೊಡಬಲ್ಲದ್ದು ಸಂತೆಯ ಬದನೆ, ಟೊಮೆಟೊ, ಆಲೂಗಡ್ಡೆಗಳ ಆಚೆಗಿನದು: ನುಗ್ಗೆಸೊಪ್ಪು, ರಾಜಗಿರಿ, ಪುಂಡಿ, ಮೆಂತ್ಯ, ಹಕ್ಕರಕಿ, ಪಪ್ಪಾಯಿ, ನಿಂಬೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು. ಆ ಪೀಳಿಗೆಯ ಮಕ್ಕಳೇ ಮುಂದೆ ಪ್ರಾಥಮಿಕ ತರಗತಿಗಳಿಗೆ ಬಂದರು. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆಯ ಹುಳಿ ನೆರವಾಗುತ್ತದೆಂಬುದನ್ನು ಮಗು ಕಲಿಯಬೇಕಾದ ಜಾಗ ಊಟದ ಪಂಕ್ತಿಯೇ. ಸಂಡೂರು ಮಗ್ಗುಲಿನ ಶಾಲೆಗಳಿಗೆ ಇನ್ನೊಂದು ಪಾಠವೂ ಉಂಟು: ಅದಿರಿನ ಕೆಂಪು ದೂಳು ಕೂತ ಎಲೆಯನ್ನು ಚೆನ್ನಾಗಿ ತೊಳೆಯದೆ ಪಾತ್ರೆಗೆ ಹಾಕಬಾರದು.

2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಗಳ ಮಾರ್ಗಸೂಚಿ ಹೊರಡಿಸಿತು. ಜಾಗವಿಲ್ಲದ ಶಾಲೆ ಕುಂಡ, ಡಬ್ಬಿಗಳಲ್ಲಾದರೂ ಬೆಳೆಯಲಿ ಎಂಬ ಉದಾರತೆ ಅದರಲ್ಲಿದೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯಡಿ ಶಾಲೆ, ಅಂಗನವಾಡಿಗಳ ಪೌಷ್ಟಿಕ ಕೈತೋಟಗಳನ್ನು ಕೈಗೊಂಡದ್ದು ನನ್ನ ದೃಷ್ಟಿಯಲ್ಲಿ ಇನ್ನೂ ಮಹತ್ವದ್ದು. ನೆಲ ಅಗೆಯುವ, ಬೇಲಿ ಹಾಕುವ ಕೆಲಸ ಕೂಲಿ ಪಡೆಯುವ ದೊಡ್ಡವರ ಪಾಲಿಗೆ ಹೋಯಿತು. ಬಿತ್ತುವುದು, ಅಳೆಯುವುದು, ಬರೆದಿಡುವುದು, ತಿನ್ನುವುದು ಮಕ್ಕಳ ಪಾಲಿಗೆ ಉಳಿಯಿತು. ಕೆ.ಟಿ. ಶಾ ಎತ್ತಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಯೀ ತಾಲೀಮಿನ ಕಾಲದಲ್ಲೂ ಸಿಕ್ಕಿರಲಿಲ್ಲ.

ತೋಟ ಬಯಲ ತರಗತಿಯಾಗುವುದು ಇಲ್ಲಿಂದಲೇ ಶುರು. ಮೆಂತ್ಯ ಒಂದು ತಿಂಗಳೊಳಗೆ ಕೊಯ್ಲಿಗೆ ಬರುವುದರಿಂದ ಬೀಜದಿಂದ ತಟ್ಟೆಯವರೆಗಿನ ಇಡೀ ದಾರಿಯನ್ನು ಒಂದೇ ತರಗತಿ ದಾಖಲಿಸಬಹುದು. ಮಡಿಯ ಸುತ್ತಳತೆ, ವಿಸ್ತೀರ್ಣಕ್ಕೆ ಹಲಗೆಯ ಚಿತ್ರ ಬೇಕಿಲ್ಲ. ಮುಂಗಾರು ಮತ್ತು ಶಾಲಾರಂಭ ಎರಡೂ ಜೂನ್ ಹೊತ್ತಿಗೆ ಕೂಡಿ ಬರುವುದು ಈ ಸೀಮೆಯ ದೊಡ್ಡ ಅನುಕೂಲ. ದೊಡ್ಡ ತೊಡಕು ಏಪ್ರಿಲ್, ಮೇ ತಿಂಗಳದು. ಆಗ ರಜೆ; ಬಿಸಿಲು 40 ಡಿಗ್ರಿ ಮೀರುತ್ತದೆ; ಎಷ್ಟೋ ಮನೆಗಳು ಗುಳೆ ಹೋಗಿರುತ್ತವೆ. ಹಾಗಾಗಿ ನುಗ್ಗೆ, ಕರಿಬೇವು, ನಿಂಬೆಯಂಥ ಬಹುವಾರ್ಷಿಕಗಳನ್ನು ತೋಟದ ಬೆನ್ನೆಲುಬಾಗಿಸಿ, ರಜೆಯ ನೀರಿನ ಹೊಣೆಯನ್ನು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಹೊರಬೇಕು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಮರುವರ್ಷದ ಬೇಸಿಗೆಯಲ್ಲಿ ಶಾಲೆಯ ಒಲೆಗಳು ಉರಿದವು. ಅಂಥ ವರ್ಷಗಳಲ್ಲಿ ತಟ್ಟೆ ತೊಳೆದ ನೀರನ್ನು ನುಗ್ಗೆಯ ಬುಡಕ್ಕೆ ತಿರುಗಿಸಲು ಒಂದು ಸಣ್ಣ ಕಾಲುವೆ ತೋಡಿದರೆ ಸಾಕು.